ಮುಂಗಾರಿಗೆ ಮುಂಚೆ ಮನೆಯ ನೆರಳಿನಲ್ಲಿ ಸಸಿಗಳನ್ನು ಎಬ್ಬಿಸುವ ಕ್ರಮ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಗ್ರಾಮಮುಖಂಡರಿಗೂ ಜಮೀನುದಾರರಿಗೂ)

ಕೊಪ್ಪಳ ಸೀಮೆಯಲ್ಲಿ ವರ್ಷಕ್ಕೆ ಬೀಳತಕ್ಕ ಮಳೆಯು ಸುಮಾರು ೬೦೦ ಮಿಲಿಮೀಟರು, ಅಂದರೆ ೨೪ ಅಂಗುಲದ ಆಸುಪಾಸಿನದು. ತಿಂಗಳುಗಳ ಪೈಕಿ ಸೆಪ್ಟೆಂಬರ್ ತಿಂಗಳಲ್ಲಿ ಹೆಚ್ಚು ಸುರಿಯುತ್ತದೆ. ರೋಹಿಣಿ, ಮೃಗಶಿರ ಮಳೆಗಳು ಒಂದು ವರ್ಷ ಸಮಯಕ್ಕೆ ಬಂದರೆ ಮತ್ತೊಂದು ವರ್ಷ ಮುಖ ತೋರಿಸಿ ಹಿಂದಿರುಗುತ್ತವೆ. ಹೀಗಿರುವಲ್ಲಿ ಸಣ್ಣ ಬೀಜಗಳನ್ನು ಮೊದಲ ಹದಕ್ಕೆ ನೇರವಾಗಿ ಹೊಲಕ್ಕೆ ಚೆಲ್ಲಿದ ರೈತನ ಪಾಡೇನೆಂಬುದು ಗ್ರಾಮದ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ಬೀಜ ಮೊಳೆಯುವಷ್ಟರಲ್ಲಿ ಮೇಲ್ಮಣ್ಣು ಒಣಗುತ್ತದೆ, ಮೊಳಕೆ ಬಾಡುತ್ತದೆ, ಹತ್ತು ದಿವಸ ಬಿಟ್ಟು ಬಂದ ಮಳೆಗೆ ಹಾಕಲು ಮನೆಯಲ್ಲಿ ಎರಡನೆಯ ಸಲದ ಬೀಜವಿರುವುದಿಲ್ಲ.

ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸತಕ್ಕ ಉಪಾಯವೊಂದುಂಟು. ಮಳೆಗೆ ಆರು ವಾರ ಮುಂಚೆಯೇ ಪಡಸಾಲೆಯಲ್ಲಿಯೋ, ಹಿತ್ತಲ ಚಪ್ಪರದ ಕೆಳಗೋ ಸಸಿಗಳನ್ನು ಎಬ್ಬಿಸಿಟ್ಟುಕೊಂಡು, ಭೂಮಿಯು ಚೆನ್ನಾಗಿ ತೊಯ್ದ ಮೇಲೆ ಅವುಗಳನ್ನು ನಾಟಿ ಮಾಡುವುದೇ ಆ ಉಪಾಯ. ತುಳಸಿ, ಮರುಗ, ಪುದೀನ, ದೊಡ್ಡಪತ್ರೆ, ಅಡುಸೋಗೆ, ಕರಿಬೇವು ಮುಂತಾದ ಔಷಧಿ ಮತ್ತು ಸುವಾಸನೆಯ ಸಸ್ಯಗಳಿಗೆ ಈ ಕ್ರಮವು ವಿಶೇಷವಾಗಿ ಒಪ್ಪುತ್ತದೆ. ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಸಸಿಗಳಿಗೂ ಇದೇ ಕ್ರಮವು ಸಲ್ಲುತ್ತದೆ.

ಯೂರೋಪು, ಉತ್ತರ ಅಮೆರಿಕ ಮುಂತಾದ ಶೀತದೇಶಗಳಲ್ಲಿಯೂ ತೋಟಗಾರರು ವಸಂತಕ್ಕೆ ಆರೆಂಟು ವಾರ ಮುಂಚೆ ಕಿಟಕಿಯ ಬಳಿಯಲ್ಲಿ ಸಸಿ ಮಾಡಿಕೊಳ್ಳುವ ವಾಡಿಕೆಯುಂಟು. ಅಲ್ಲಿ ಎಳೆಯ ಸಸಿಗೆ ಶತ್ರು ಹಿಮ; ನಮ್ಮಲ್ಲಿ ಶತ್ರು ಬೇಸಿಗೆಯ ಉರಿ. ಅವರು ಮನೆಯೊಳಗೆ ಬೆಚ್ಚನೆಯ ಸ್ಥಳ ಹುಡುಕಿದರೆ ನಾವು ತಣ್ಣನೆಯ ಸ್ಥಳ ಹುಡುಕಬೇಕು. ಈ ಭೇದವನ್ನು ಮರೆತು ಪರದೇಶದ ಪುಸ್ತಕದಲ್ಲಿ ಬರೆದಂತೆ ದಕ್ಷಿಣದ ಕಿಟಕಿಯಲ್ಲಿ ಕುಂಡವಿಟ್ಟರೆ ಏಪ್ರಿಲ್ ತಿಂಗಳಲ್ಲಿ ಸಸಿ ಉಳಿಯಲಾರದು.

೧. ನೀರಿನ ಲೆಕ್ಕ

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟವಿರುವಾಗ ಸಸಿಗೆ ನೀರೆಲ್ಲಿಂದ ಎಂಬ ಪ್ರಶ್ನೆ ಸಹಜವಾದದ್ದು. ಆದಕಾರಣ ಮೊದಲು ಈ ಲೆಕ್ಕವನ್ನು ನೋಡೋಣ. ಒಂದು ಗುಂಟೆ ಎಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲದ ಭೂಮಿ. ಇದರ ಮೇಲೆ ಒಂದೇ ಒಂದು ಅಂಗುಲ ಆಳದಷ್ಟು ನೀರು ಹಾಯಿಸಬೇಕಾದರೆ ಸುಮಾರು ೨,೫೭೦ ಲೀಟರು, ಅಂದರೆ ೧೫ ಲೀಟರಿನ ಕೊಡದಲ್ಲಿ ೧೭೦ ಕೊಡ ನೀರು ಬೇಕು. ಅದೂ ಒಂದು ಸಲಕ್ಕೆ ಮಾತ್ರ.

ಇದೇ ಒಂದು ಗುಂಟೆಗೆ ಒಂದೂವರೆ ಅಡಿ ಅಂತರದಲ್ಲಿ ತುಳಸಿಯನ್ನು ನೆಡುವುದಾದರೆ ಬೇಕಾಗುವುದು ೪೮೪ ಸಸಿಗಳು. ೯೮ ಗುಣಿಗಳುಳ್ಳ ಸಸಿತಟ್ಟೆಗಳು ಈಗ ಎಲ್ಲೆಡೆಯೂ ದೊರೆಯುತ್ತವೆ. ಅಂಥ ಆರು ತಟ್ಟೆಗಳಲ್ಲಿ ೫೮೮ ಸಸಿಗಳಾಗುತ್ತವೆ. ನೂರು ಸಸಿ ಹೋದರೂ ಗುಂಟೆಗೆ ಸಾಲುತ್ತದೆ. ಆರು ತಟ್ಟೆಗಳು ಹಿಡಿಯುವ ಸ್ಥಳವು ಸುಮಾರು ಹತ್ತು ಚದರಡಿ, ಎಂದರೆ ಒಂದು ಮಂಚಕ್ಕಿಂತಲೂ ಕಡಿಮೆ. ನೆರಳಿನಲ್ಲಿಟ್ಟು ಕೈಯಿಂದ ಚಿಮುಕಿಸಿದರೆ ದಿವಸಕ್ಕೆ ಅರ್ಧ ಕೊಡ ನೀರು ಸಾಕಾಗುತ್ತದೆ. ಆರು ವಾರಕ್ಕೆ ಒಟ್ಟು ಇಪ್ಪತ್ತೊಂದು ಕೊಡ. ಹೊಲಕ್ಕೆ ಒಂದು ಸಲ ಹಾಯಿಸುವ ನೀರಿನ ಎಂಟನೆಯ ಒಂದು ಪಾಲಿನಲ್ಲಿ ಇಡೀ ಸಸಿಯ ಕಾಲ ಕಳೆಯುತ್ತದೆಂಬುದನ್ನು ಮನದಲ್ಲಿಡಬೇಕು. ಬಾವಿಯಿಲ್ಲದ ಒಣ ಹೊಲದ ರೈತನಿಗೂ ಈ ಕ್ರಮವು ಎಟಕುವುದು ಈ ಕಾರಣದಿಂದಲೇ.

೨. ಕಾಲ

ಮೃಗಶಿರ ಮಳೆಯು ಜೂನ್ ೮ ರ ಸುಮಾರಿಗೆ ಹುಟ್ಟುತ್ತದೆ. ತುಳಸಿ ಸಸಿಯು ನಾಟಿಗೆ ಬರಲು ಆರು ವಾರ ಬೇಕು. ಆದುದರಿಂದ ಅಶ್ವಿನಿಯ ಕಡೆಯ ದಿನಗಳಲ್ಲಿ, ಏಪ್ರಿಲ್ ೨೫ ರ ಹೊತ್ತಿಗೆ, ಮೊದಲನೆಯ ಬಿತ್ತನೆಯನ್ನು ಮಾಡತಕ್ಕದ್ದು. ಎಲ್ಲ ಬೀಜವನ್ನೂ ಒಂದೇ ದಿವಸ ಹಾಕುವುದು ಯುಕ್ತವಲ್ಲ. ಬೀಜವನ್ನು ಮೂರು ಪಾಲು ಮಾಡಿ, ಹದಿನೈದು ದಿವಸಕ್ಕೊಮ್ಮೆ ಒಂದೊಂದು ಪಾಲನ್ನು ಬಿತ್ತಬೇಕು. ಮಳೆ ಮುಂಚೆ ಬಂದರೆ ಮೊದಲ ಪಾಲು, ತಡವಾದರೆ ಎರಡನೆಯದು ಅಥವಾ ಮೂರನೆಯದು ಹದವಾಗಿ ಕೈಗೆ ಸಿಕ್ಕುತ್ತದೆ. ಮಳೆಯನ್ನು ಕಾಯುವ ಕಷ್ಟವನ್ನು ತಗ್ಗಿಸುವ ಸಾಧನಗಳಲ್ಲಿ ಇದಕ್ಕಿಂತ ಅಗ್ಗವಾದದ್ದು ಮತ್ತೊಂದಿಲ್ಲ.

ಯಲಬುರ್ಗಾ, ಕುಷ್ಟಗಿಗಳ ಕೆಲವು ಭಾಗಗಳಲ್ಲಿ ಮುಂಗಾರಿನ ಭರವಸೆ ತೀರ ಕಡಿಮೆ. ಅಂಥ ಊರಿನವರು ಆಗಸ್ಟ್ ಮೊದಲ ವಾರದಲ್ಲಿ ಬಿತ್ತಿ, ಸೆಪ್ಟೆಂಬರ್ ತಿಂಗಳ ಉತ್ತರೆ, ಹಸ್ತ ಮಳೆಗಳಿಗೆ ನಾಟಿ ಮಾಡುವುದು ಲೇಸು.

೩. ಸ್ಥಳ

ಉತ್ತರ ಅಥವಾ ಪೂರ್ವಕ್ಕೆ ತೆರೆದ ಪಡಸಾಲೆಯು ಉತ್ತಮ. ಬೆಳಗಿನ ಎಳೆಬಿಸಿಲು ಎರಡು ತಾಸು ಬಿದ್ದು, ಆಮೇಲೆ ಬೆಳಕು ಮಾತ್ರ ಇರುವಂತಿರಬೇಕು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಈ ಕೆಲಸಕ್ಕೆ ತಗಡಿನ ಮನೆಗಳಿಗಿಂತ ಎಷ್ಟೋ ಮೇಲು. ಮಧ್ಯಾಹ್ನವೂ ಒಳಗೆ ತಂಪಿರುತ್ತದೆ. ಕತ್ತಲೆಯ ಕೋಣೆಯು ಕೂಡದು. ಬೆಳಕು ಸಾಲದಿದ್ದರೆ ಸಸಿಯು ದಾರದಂತೆ ಉದ್ದವಾಗಿ, ಬಿಳಿಚಿಕೊಂಡು, ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹಾಗೆ ಕಂಡಕೂಡಲೆ ತಟ್ಟೆಯನ್ನು ಬಾಗಿಲ ಕಡೆಗೆ ಸರಿಸಬೇಕು.

ಪಡಸಾಲೆಯಿಲ್ಲದವರು ಹಿತ್ತಲಲ್ಲಿ ನಾಲ್ಕು ಗೂಟ ನೆಟ್ಟು, ಜೋಳದ ದಂಟು ಅಥವಾ ಬೇವಿನ ಸೊಪ್ಪು ಹೊದೆಸಿ ಚಪ್ಪರ ಹಾಕಿಕೊಳ್ಳಬಹುದು. ಕೋಳಿ, ಆಡು, ಇಲಿಗಳ ಕಾಟವಿರುವಲ್ಲಿ ತಟ್ಟೆಗಳನ್ನು ಮಂಚದ ಮೇಲಿಡಬೇಕು. ಸಣ್ಣ ಬೀಜಗಳನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಹೊತ್ತುಬಿಡುವುದುಂಟು; ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇದು ತಪ್ಪುತ್ತದೆ.

೪. ಮಣ್ಣು

ಈ ನಾಲ್ಕು ಕಡೆಗಳ ಮಣ್ಣು ಒಂದೇ ತೆರನಾದದ್ದಲ್ಲ. ಎರೆಮಣ್ಣು ನೀರನ್ನು ಬಿಗಿಹಿಡಿದು, ಒಣಗಿದಾಗ ಬಿರಿದು, ಎಳೆಯ ಬೇರುಗಳನ್ನು ಹರಿಯುತ್ತದೆ. ಇದನ್ನೇ ತಟ್ಟೆಗೆ ತುಂಬಬಾರದು. ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತು ಜರಡಿ ಹಿಡಿದ ತಿಪ್ಪೆಗೊಬ್ಬರ ಒಂದು ಪಾಲು, ತೊಳೆದ ಮರಳು ಒಂದು ಪಾಲು ಸೇರಿಸಿದರೆ ಒಳ್ಳೆಯ ಮಿಶ್ರಣವಾಗುತ್ತದೆ. ಕಳಿಯದ ಗೊಬ್ಬರವು ಒಳಗೇ ಕಾದು ಬೇರನ್ನು ಸುಡುತ್ತದೆ. ತೆಂಗಿನ ನಾರಿನ ಪುಡಿ ದೊರೆತರೆ ಮರಳಿಗೆ ಬದಲಾಗಿ ಅದನ್ನು ಬಳಸಬಹುದು. ನೀರು ಇನ್ನೂ ಕಡಿಮೆ ಸಾಕಾಗುತ್ತದೆ.

ಗಂಗಾವತಿಯ ಕಾಲುವೆ ಸೀಮೆಯವರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ತುಂಗಭದ್ರಾ ಅಣೆಕಟ್ಟೆಯು ೧೯೫೩ ರಲ್ಲಿ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಅಲ್ಲಿ ಬತ್ತದ ಬೆಳೆ ಹಬ್ಬಿತು. ಅದರೊಡನೆ ತಗ್ಗಿನ ಹೊಲಗಳಲ್ಲಿ ನೀರು ನಿಂತು, ಉಪ್ಪು ಮೇಲೆದ್ದು, ಎಷ್ಟೋ ಭೂಮಿ ಸವಳು-ಜವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಗಳನ್ನು ಕುರಿತೇ ಸಂಶೋಧನೆ ನಡೆದಿದೆ. ಒಣಗಿದಾಗ ಮೇಲೆ ಬೆಳ್ಳಗೆ ಉಪ್ಪು ಕಟ್ಟುವ ಮಣ್ಣನ್ನು ಸಸಿಗೆ ಮುಟ್ಟಲೇಬಾರದು. ಸಂದೇಹವಿದ್ದರೆ ಹೀಗೆ ಪರೀಕ್ಷಿಸಬಹುದು: ಸಂದೇಹದ ಮಣ್ಣಿನಲ್ಲಿ ೨೦, ಒಳ್ಳೆಯದೆಂದು ಗೊತ್ತಿರುವ ಮಣ್ಣಿನಲ್ಲಿ ೨೦ ಹೆಸರುಕಾಳುಗಳನ್ನು ಬಿತ್ತಿ, ಒಂದೇ ನೀರನ್ನು ಹಾಕಿ, ಎಂಟು ದಿವಸ ನೋಡಬೇಕು. ಮೊದಲನೆಯದರಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಎಲೆಯ ಅಂಚು ಸುಟ್ಟಂತಾದರೆ ಆ ಮಣ್ಣನ್ನು ಬಿಡತಕ್ಕದ್ದು. ಕೊಳವೆಬಾವಿಯ ನೀರು ಉಪ್ಪಾಗಿದ್ದರೂ ಇದೇ ಪರೀಕ್ಷೆಯಿಂದ ತಿಳಿಯುತ್ತದೆ. ಆಗ ಮಣ್ಣು ಒಂದೇ ಇರಿಸಿ ನೀರನ್ನು ಬೇರೆ ಮಾಡಿ ನೋಡಬೇಕು.

ಮಣ್ಣಿನಲ್ಲಿರುವ ರೋಗಬೀಜಗಳನ್ನು ಕೊಲ್ಲಲು ನಮ್ಮ ಬೇಸಿಗೆಯ ಬಿಸಿಲೇ ಸಾಕು. ಮಾರ್ಚ್ ತಿಂಗಳಲ್ಲಿ ಮಿಶ್ರಣವನ್ನು ಬಯಲಿನಲ್ಲಿ ಅರ್ಧ ಅಡಿ ದಪ್ಪಕ್ಕೆ ಹರವಿ, ನೀರು ಚಿಮುಕಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದೆಸಿ, ಅಂಚುಗಳಿಗೆ ಮಣ್ಣೇರಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯ ಅಡಿಯಲ್ಲಿ ಮಣ್ಣು ಹೆಚ್ಚು ಕಾಯುತ್ತದೆ. ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ.

೫. ಬೀಜದ ಪರೀಕ್ಷೆ

ಸಂತೆಯಲ್ಲಿ ಕೊಂಡ ಬೀಜವನ್ನು ನಂಬಿ ಕೂಡಬಾರದು. ನೂರು ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಹರವಿ, ಸುತ್ತಿ, ತಂಪಿನಲ್ಲಿಟ್ಟು ಬಟ್ಟೆ ಒಣಗದಂತೆ ನೋಡಿಕೊಳ್ಳಬೇಕು. ಹತ್ತು ಹನ್ನೆರಡು ದಿವಸಗಳಲ್ಲಿ ಎಷ್ಟು ಮೊಳೆತವೋ ಎಣಿಸಬೇಕು. ಎಪ್ಪತ್ತಕ್ಕೆ ಮೇಲಿದ್ದರೆ ಗುಣಿಗೆ ಒಂದೆರಡು ಬೀಜ ಸಾಕು. ಐವತ್ತರ ಸುಮಾರಿದ್ದರೆ ಮೂರು ಹಾಕಬೇಕು. ಮೂವತ್ತಕ್ಕಿಂತ ಕಡಿಮೆಯಾದರೆ ಆ ಬೀಜವನ್ನು ಹಿಂದಿರುಗಿಸುವುದೇ ಸರಿ. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ. ಮಾಡದಿದ್ದರೆ ಒಂದು ಮಳೆಯೇ ಕೈಬಿಡಬಹುದು.

೬. ಬೀಜದಿಂದ ಸಸಿ

ತುಳಸಿ.— ಬೀಜವು ಸಾಸಿವೆಗಿಂತಲೂ ಬಹು ಸಣ್ಣದು. ಎಕರೆಗೆ ೧೦೦ ರಿಂದ ೧೨೫ ಗ್ರಾಂ ಸಾಕು. ಗುಂಟೆಗೆ ಮೂರು ಗ್ರಾಂ. ನಾಲ್ಕು ಪಾಲು ನಯವಾದ ಮರಳಿನೊಡನೆ ಬೆರಸಿ ಉದುರಿಸಿ, ಮೇಲೆ ಕಾಣಿಸುವುದೋ ಇಲ್ಲವೋ ಎಂಬಷ್ಟು ತೆಳುವಾಗಿ ಗೊಬ್ಬರದ ಪುಡಿ ಚೆಲ್ಲಬೇಕು. ಆಳವಾಗಿ ಹುಗಿದ ತುಳಸಿ ಬೀಜವು ಮೇಲೇಳುವುದಿಲ್ಲ. ಮೊಳಕೆ ಕಾಣಿಸುವವರೆಗೆ ಒದ್ದೆ ಗೋಣಿತಟ್ಟು ಹೊದೆಸಿ, ಕಂಡ ದಿವಸವೇ ಸಂಜೆ ಅದನ್ನು ತೆಗೆಯಬೇಕು. ಒಂದರಿಂದ ಎರಡು ವಾರಗಳಲ್ಲಿ ಮೊಳೆಯುತ್ತದೆ. ಎರಡು ಜೊತೆ ಎಲೆಗಳಾದಾಗ ಗುಣಿಗೊಂದೇ ಸಸಿಯನ್ನುಳಿಸಿ ಉಳಿದವನ್ನು ಕತ್ತರಿಸಬೇಕು. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಎಣ್ಣೆಗಾಗಿ ಬೆಳೆಯುವವರಿಗೆ ಲಕ್ನೋದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯು ಸಿಮ್-ಆಯು ಎಂಬ ತಳಿಯನ್ನು ಹೊರತಂದಿದೆ.

ಕರಿಬೇವು.— ಇದು ಒಂದು ವರ್ಷದ ಲೆಕ್ಕ. ಮಳೆಗಾಲದಲ್ಲಿ ಕಪ್ಪಗೆ ಹಣ್ಣಾದ ಕಾಯಿಗಳನ್ನು ಆರಿಸಿ, ತಿರುಳನ್ನು ತೊಳೆದು, ಮೂರು ನಾಲ್ಕು ದಿವಸಗಳೊಳಗೆ ಬಿತ್ತಬೇಕು. ಒಣಗಿಸಿಟ್ಟ ಬೀಜವು ಬೇಗನೆ ಜೀವ ಕಳೆದುಕೊಳ್ಳುತ್ತದೆ. ಸುಮಾರು ಮೂರು ವಾರದಲ್ಲಿ ಮೊಳೆತ ಸಸಿಯನ್ನು ಚೀಲದಲ್ಲಿ ಬೆಳೆಸಿ ಮುಂದಿನ ಮುಂಗಾರಿಗೆ ನೆಡಬೇಕು. ಕಡ್ಡಿಯಿಂದ ಬೇರು ಬರಿಸುವುದು ಕಷ್ಟ; ಬುಡದಲ್ಲೇಳುವ ಬೇರುಸಹಿತವಾದ ಮರಿಗಳನ್ನು ಅಗೆದು ನೆಡುವುದು ಸುಲಭ. ಧಾರವಾಡದ ಡಿ.ಡಬ್ಲ್ಯು.ಡಿ. ೧ ಮತ್ತು ಡಿ.ಡಬ್ಲ್ಯು.ಡಿ. ೨ ಎಂಬ ತಳಿಗಳು ಹೆಸರಾಗಿವೆ. ಮೊದಲನೆಯದು ಪರಿಮಳದಲ್ಲಿ ಮೇಲಾದರೂ ಚಳಿಗೆ ಚಿಗುರುವುದು ಕಡಿಮೆ.

ಸಸಿ ಮಾಡಬಾರದವು.— ಕೊತ್ತಂಬರಿ, ಸಬ್ಬಸಿಗೆ, ಮೆಂತೆ, ಇವುಗಳ ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ. ಕಿತ್ತು ನೆಟ್ಟರೆ ಸೊರಗಿ, ಎಲೆ ಕೊಡುವ ಮೊದಲೇ ಹೂವಿಗೆ ಬೀಳುತ್ತವೆ. ಇವನ್ನು ಮಡಿಯಲ್ಲಿ ನೇರವಾಗಿಯೇ ಬಿತ್ತತಕ್ಕದ್ದು. ಕೊತ್ತಂಬರಿಯನ್ನು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಹಾಕಬೇಕು.

೭. ಕಡ್ಡಿಯಿಂದ ಸಸಿ

ಬೀಜದ ಗಿಡಗಳಲ್ಲಿ ತಾಯಿಯ ಗುಣವು ಹೆಚ್ಚು ಕಡಿಮೆಯಾಗಬಹುದು. ಕಡ್ಡಿಯಿಂದಾದ ಗಿಡವು ತಾಯಿಗಿಡದಂತೆಯೇ ಇರುತ್ತದೆ. ಆದುದರಿಂದ ಊರಿನಲ್ಲಿ ಯಾವ ಗಿಡವು ಬೇಸಿಗೆಯಲ್ಲಿಯೂ ಹಸುರಾಗಿ, ರೋಗವಿಲ್ಲದೆ ನಿಂತಿದೆಯೋ ಅದರಿಂದಲೇ ಕಡ್ಡಿ ತೆಗೆಯಬೇಕು.

ಬೆಳಗಿನ ತಂಪಿನಲ್ಲಿ, ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ, ಹೂವಿಲ್ಲದ ಕೊಂಬೆಯನ್ನು ಆರಿಸಿ, ಹರಿತವಾದ ಕುಡುಗೋಲು ಅಥವಾ ಚಾಕುವಿನಿಂದ ಕೊಯ್ಯಬೇಕು. ಕೆಳಗಿನ ಕೊಯ್ತವು ಗಿಣ್ಣಿನ ಕೆಳಗೆ ಓರೆಯಾಗಿಯೂ ಮೇಲಿನದು ನೇರವಾಗಿಯೂ ಇದ್ದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ಮೇಲಿನ ಎರಡು ಮೂರನ್ನು ಮಾತ್ರ, ದೊಡ್ಡವಾದರೆ ಅರ್ಧ ಕತ್ತರಿಸಿ, ಉಳಿಸಬೇಕು. ಬೇರಿಲ್ಲದ ಕಡ್ಡಿಯು ನೀರು ಹೀರಲಾರದು. ಎಲೆಗಳು ಮಾತ್ರ ನೀರನ್ನು ಕಳೆಯುತ್ತಲೇ ಇರುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅದೇ ದಿವಸ ಅರ್ಧ ಮರಳು, ಅರ್ಧ ಮಣ್ಣಿನ ಮಿಶ್ರಣದಲ್ಲಿ ಎರಡು ಗಿಣ್ಣು ಮುಳುಗುವಂತೆ ನೆಟ್ಟು, ಬುಡವನ್ನು ಬೆರಳಿನಿಂದ ಒತ್ತಬೇಕು. ಬೇರು ಬಂತೇ ಎಂದು ಕಿತ್ತು ನೋಡುವ ಚಾಪಲ್ಯ ಕೂಡದು. ಹೊಸ ಚಿಗುರೇ ಅದರ ಸಾಕ್ಷಿ.

ಪುದೀನ: ಬೇರಿರುವ ಹಂಬುಗಳನ್ನು ನಾಲ್ಕು ಅಂಗುಲದ ತುಂಡು ಮಾಡಿ ಮಲಗಿಸಿ ನೆಡುವುದು, ನೆರಳು, ತೇವ ಎರಡೂ ಬೇಕು.
ದೊಡ್ಡಪತ್ರೆ: ಗೇಣುದ್ದಕ್ಕಿಂತ ಕಡಿಮೆಯ ತುದಿಕಡ್ಡಿಗಳು, ನೀರು ಹೆಚ್ಚಾದರೆ ಕೊಳೆಯುತ್ತದೆ.
ಮರುಗ: ಮೂರು ನಾಲ್ಕು ಅಂಗುಲದ ಎಳೆಯ ಕಡ್ಡಿಗಳು, ಬಿಸಿಗಾಳಿ ಸೋಕಬಾರದು.
ಅಡುಸೋಗೆ: ಆರೆಂಟು ಅಂಗುಲ ಉದ್ದದ, ಮೂರು ನಾಲ್ಕು ಗಿಣ್ಣಿನ ಬಲಿತ ಕಡ್ಡಿಗಳು, ಆಡು ಮೇಯದ ಗಿಡವಾದುದರಿಂದ ಬದುವಿಗೆ ಒಳ್ಳೆಯದು.
ಅಮೃತಬಳ್ಳಿ: ಹೆಬ್ಬೆರಳು ಗಾತ್ರದ ಬಳ್ಳಿಯ ತುಂಡುಗಳು; ಬೇವಿನ ಬುಡದಲ್ಲಿ ಹಬ್ಬಿಸಬಹುದು.
ಮಜ್ಜಿಗೆಹುಲ್ಲು, ಲೋಳೆಸರ: ಕಡ್ಡಿಯ ಗೊಡವೆಯಿಲ್ಲ, ಬುಡದ ಮರಿಗಳನ್ನು ಬೇರ್ಪಡಿಸಿ ನೆಡುವುದು.
ನುಗ್ಗೆ: ಮೂರು ನಾಲ್ಕು ಅಡಿಯ ಕೊಂಬೆಯನ್ನು ನೇರವಾಗಿ ಬದುವಿನಲ್ಲಿಯೇ ನೆಡಬಹುದು. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿ.ಕೆ.ಎಂ. ೧ ರಂಥ ತಳಿಗಳನ್ನು ಬೀಜದಿಂದಲೇ ಚೀಲದಲ್ಲಿ ಎಬ್ಬಿಸಬೇಕು.

೮. ಬುಡಕೊಳೆ ರೋಗ ಮತ್ತು ಕೀಟಗಳು

ನಿನ್ನೆ ಹಸುರಾಗಿ ನಿಂತಿದ್ದ ಸಸಿಗಳು ಇಂದು ಬೆಳಗ್ಗೆ ಬುಡದಲ್ಲಿ ನೂಲಿನಂತೆ ಸೊರಗಿ ಗುಂಪುಗುಂಪಾಗಿ ಮಲಗಿರುವುದನ್ನು ಅನೇಕರು ಕಂಡಿರಬಹುದು. ಕೆಲವರು ಇದನ್ನು ದೃಷ್ಟಿದೋಷವೆಂದೆಣಿಸಿ ಸುಮ್ಮನಾಗುತ್ತಾರೆ. ಇದು ಪಿಥಿಯಂ ಮುಂತಾದ, ತೇವದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದಾಗುವ ರೋಗ. ಒತ್ತಾಗಿ ಬಿತ್ತುವುದು, ಸಂಜೆ ಹೊತ್ತು ನೀರು ಕಟ್ಟುವುದು, ಗಾಳಿಯಾಡದ ಮೂಲೆ, ಇವು ಮೂರೂ ಅದಕ್ಕೆ ಆಹ್ವಾನ.

ತಡೆಯುವ ಕ್ರಮವೆಂದರೆ, ಬಿಸಿಲಿನಲ್ಲಿ ಕಾಯಿಸಿದ ಮಣ್ಣನ್ನು ಬಳಸುವುದು. ಬಿತ್ತನೆಗೆ ಎಂಟು ಹತ್ತು ದಿವಸ ಮುಂಚೆ ೧೦ ಕಿಲೋ ಕಳಿತ ಗೊಬ್ಬರಕ್ಕೆ ೧೦೦ ಗ್ರಾಂ ಟ್ರೈಕೋಡರ್ಮಾ ಪುಡಿಯನ್ನು ಬೆರಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಮುಚ್ಚಿಟ್ಟು ಅನಂತರ ಮಿಶ್ರಣಕ್ಕೆ ಸೇರಿಸುವುದು. ಬೆಳಗ್ಗೆ ಮಾತ್ರ ನೀರು ಹಾಕುವುದು. ಟ್ರೈಕೋಡರ್ಮಾ ಎಂಬುದು ರೋಗದ ಶಿಲೀಂಧ್ರವನ್ನು ಅಡಗಿಸುವ ಸ್ನೇಹಪರ ಶಿಲೀಂಧ್ರ, ಅದನ್ನು ಬಿಸಿಲಿಗಿಡಬಾರದು. ರೋಗ ಕಂಡ ಮೇಲೆ ಆ ಗುಣಿಗಳ ಮಣ್ಣುಸಹಿತ ಸಸಿಗಳನ್ನು ತೆಗೆದು ದೂರ ಹಾಕಿ, ಒಂದೆರಡು ದಿವಸ ನೀರು ನಿಲ್ಲಿಸಬೇಕು. ಮೆಣಸಿನಕಾಯಿ, ಬದನೆಯ ಸಸಿಗಳಾದರೆ ಲೀಟರು ನೀರಿಗೆ ೩ ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕದಡಿ ಬುಡಕ್ಕೆ ಹಾಕಬಹುದು. ಎಲೆಯನ್ನೇ ತಿನ್ನುವ ಅಥವಾ ಔಷಧಿಗೆ ಕೊಡುವ ಗಿಡಗಳಿಗೆ ವಿಷದ ಔಷಧಗಳನ್ನು ಬಳಸದಿರುವುದೇ ಕ್ಷೇಮ.

ಮೆಣಸಿನ ಸಸಿಗೆ ಎಲೆಮುರುಟು ತರುವ ನುಸಿ, ಬಿಳಿನೊಣಗಳಿಂದ ರಕ್ಷಿಸಲು ಸಣ್ಣ ಕಣ್ಣಿನ ನೈಲಾನ್ ಬಲೆಯ ಹೊದಿಕೆಯು ಸಹಾಯಕ. ಕೀಟ ಕಂಡರೆ ೫೦ ಗ್ರಾಂ ಬೇವಿನ ಬೀಜವನ್ನು ಕುಟ್ಟಿ ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಸೋಸಿ, ಸಂಜೆ ಚಿಮುಕಿಸಬಹುದು.

೯. ಗಟ್ಟಿ ಮಾಡುವುದು ಮತ್ತು ನಾಟಿ

ನೆರಳಿನಲ್ಲಿ ಬೆಳೆದ ಸಸಿಯನ್ನು ಒಮ್ಮೆಗೇ ಬಯಲಿಗೆ ತಂದರೆ ಆರು ವಾರದ ಶ್ರಮವು ಒಂದು ಮಧ್ಯಾಹ್ನದಲ್ಲಿ ಹಾಳಾಗುತ್ತದೆ. ನಾಟಿಗೆ ಹತ್ತು ದಿವಸವಿರುವಾಗ ಬೆಳಗ್ಗೆ ಒಂದು ತಾಸು, ಮರುದಿವಸ ಎರಡು ತಾಸು, ಹೀಗೆ ಬಿಸಿಲನ್ನು ಹೆಚ್ಚಿಸುತ್ತ, ನೀರನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ ಹೋಗಬೇಕು. ಕಾಂಡವು ಗಡುಸಾಗಿ ಎಲೆಯು ದಪ್ಪವಾಗುತ್ತದೆ.

ಹೊಲದಲ್ಲಿ ಮಣ್ಣು ಒಂದು ಗೇಣು ಆಳದವರೆಗೆ ತೊಯ್ದಿದೆಯೆಂದು ಅಗೆದು ನೋಡಿದ ಮೇಲೆಯೇ ನಾಟಿ ಮಾಡಬೇಕು. ಮೊದಲ ಹನಿಗೆ ಮರುಳಾಗಬಾರದು. ಮೋಡವಿರುವ ದಿವಸ ಅಥವಾ ಸಂಜೆಯ ಹೊತ್ತು ಉತ್ತಮ. ಮಳೆ ತಡೆದರೆ ತುಳಸಿಯ ತುದಿಯನ್ನು ಚಿವುಟಿ, ಸಸಿಯನ್ನು ಮಣ್ಣುಸಹಿತ ದೊನ್ನೆ ಅಥವಾ ಸಣ್ಣ ಚೀಲಕ್ಕೆ ಬದಲಾಯಿಸಿ ಇನ್ನು ಎರಡು ಮೂರು ವಾರ ಕಾಯಬಹುದು. ಹೊಲದಲ್ಲಿ ಬಿದ್ದ ಬೀಜಕ್ಕೆ ಈ ಅವಕಾಶವಿಲ್ಲ.

೧೦. ಗ್ರಾಮಮುಖಂಡರಿಗೆ ವಿಜ್ಞಾಪನೆ

ದೊಡ್ಡ ಹಿಡುವಳಿದಾರನಿಗೆ ಒಂದು ಬಿತ್ತನೆ ಹೋದರೆ ಮತ್ತೊಂದು ಉಂಟು. ಎರಡೆಕರೆಯವನಿಗೆ ಅದಿಲ್ಲ. ಆದಕಾರಣ ನೀರೂ ನೆರಳೂ ಇರುವವರು ಊರಿಗೆ ಒಂದು ಸಸಿಯ ಚಪ್ಪರವನ್ನು ಹಾಕಿಸುವುದು ಉಚಿತವಾಗಿದೆ. ಗುಡಿಯ ಪೌಳಿ, ಚಾವಡಿಯ ಕಟ್ಟೆ, ಬಾವಿಯ ಬಳಿಯ ಮರದ ನೆರಳು, ಯಾವುದಾದರೂ ಆದೀತು. ದಿವಸಕ್ಕೆ ಐದಾರು ಕೊಡ ನೀರಿನಲ್ಲಿ ಹತ್ತು ಹನ್ನೆರಡು ಮನೆಗಳ ಗುಂಟೆಗೆ ಸಾಲುವಷ್ಟು ಸಸಿಗಳಾಗುತ್ತವೆ. ನೀರು ಹಾಕುವ ಕೆಲಸವನ್ನು ಸರದಿಯ ಮೇಲೆ ಹಂಚಬಹುದು. ಬೀಜ ಕಾಪಾಡುವುದರಲ್ಲಿಯೂ ಸಸಿ ನೋಡಿಕೊಳ್ಳುವುದರಲ್ಲಿಯೂ ನಮ್ಮ ಹೆಣ್ಣುಮಕ್ಕಳಿಗೆ ಇರುವ ಕೈಗುಣವು ಗಂಡಸರಿಗೆ ಅಪರೂಪ. ಚಪ್ಪರದ ಮೇಲ್ವಿಚಾರಣೆಯನ್ನೂ ಅದರ ಆದಾಯವನ್ನೂ ಅವರಿಗೇ ಒಪ್ಪಿಸುವುದು ನ್ಯಾಯ.

ಒಂದು ಮಾತಿನ ಎಚ್ಚರಿಕೆ. ಔಷಧಿ ಸಸ್ಯಗಳಿಗೆ ಬಹಳ ಬೆಲೆಯೆಂಬ ಮಾತನ್ನು ಕೇಳಿ ಒಮ್ಮೆಗೇ ಎಕರೆಗಟ್ಟಲೆ ಹಾಕಬಾರದು. ಕೊಳ್ಳುವವನು ಯಾರು, ಯಾವ ರೂಪದಲ್ಲಿ ಕೊಳ್ಳುತ್ತಾನೆ, ಸಾಗಣೆಯ ಖರ್ಚೆಷ್ಟು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಮೊದಲ ವರ್ಷ ಒಂದು ಗುಂಟೆಯಿಂದ ಆರಂಭಿಸುವುದು ವಿವೇಕ. ಪುದೀನ, ಕರಿಬೇವುಗಳಿಗೆ ಹತ್ತಿರದ ವಾರದ ಸಂತೆಯೇ ಮಾರುಕಟ್ಟೆ. ಹೆಚ್ಚಿನ ಸಲಹೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೂ, ಮುನಿರಾಬಾದಿನ ತೋಟಗಾರಿಕೆ ಕಾಲೇಜನ್ನೂ ವಿಚಾರಿಸಬಹುದು.

ಕೊನೆಯದಾಗಿ, ಚಪ್ಪರದಲ್ಲಿ ಒಂದು ವಹಿಯನ್ನಿಡಬೇಕು. ಬಿತ್ತಿದ ದಿವಸ, ಮೊಳೆತ ದಿವಸ, ನೂರಕ್ಕೆ ಮೊಳೆತ ಸಂಖ್ಯೆ, ನಾಟಿಯ ದಿವಸ, ಆ ದಿವಸದ ಮಳೆ, ಒಂದು ತಿಂಗಳ ಮೇಲೆ ಬದುಕಿದ ಗಿಡಗಳ ಸಂಖ್ಯೆ, ಇಷ್ಟನ್ನು ಬರೆದರೆ ಸಾಕು. ಮೂರು ವರ್ಷದ ವಹಿಯು ಆ ಊರಿನ ಮಣ್ಣಿಗೂ ಮಳೆಗೂ ಯಾವ ದಿವಸ ಬಿತ್ತುವುದು ಸರಿಯೆಂಬುದನ್ನು ಈ ಲೇಖನಕ್ಕಿಂತ ನಿಖರವಾಗಿ ಹೇಳಬಲ್ಲದು.